ಆಮೇಲೆ ನೆನಪಿಸಿ

ಇಂದು ಬೆಳಿಗ್ಗೆ ತುರ್ತು ಪತ್ರವೊಂದನ್ನು ಟೈಪ್ ಮಾಡುತ್ತಾ ಎಂಟರ್ ಒತ್ತುವ ಹೊತ್ತಿಗೆ ಸರಿಯಾಗಿ ಪರದೆಯ ನಡುವೆ ಪೆಟ್ಟಿಗೆಯೊಂದು ಪ್ರತ್ಯಕ್ಷವಾಯಿತು. ಹೊಸ ಪ್ಯಾರಾ ಶುರುಮಾಡಲು ಒತ್ತಿದ ಎಂಟರನ್ನೇ ಒಪ್ಪಿಗೆಯೆಂದು ತಿಳಿದು, ಮೈಕ್ರೋಸಾಫ್ಟ್ ಆಫೀಸ್‌ನ ಹೊಸ ಆವೃತ್ತಿಯ ಚಂದಾ ವಿವರಗಳನ್ನು ನನ್ನ ಮುಂದೆ ಹರಡಿ ಕುಳಿತಿತು. ಅದರಲ್ಲಿ ಇದ್ದದ್ದು ಎರಡೇ ಗುಂಡಿಗಳು: ‘ಈಗಲೇ ಅಪ್‌ಗ್ರೇಡ್ ಮಾಡಿ’ ಮತ್ತು ‘ಆಮೇಲೆ ನೆನಪಿಸಿ’. ಬೇಡವೆನ್ನುವವರಿಗೆ ಅಲ್ಲಿ ಜಾಗವೇ ಇಲ್ಲ. ವಿಮೆ ಮಾರಲು ಬಂದವರೆದುರು ಬಾಗಿಲನ್ನಾದರೂ ಹಾಕಿಕೊಳ್ಳಬಹುದು.

ನನ್ನದು 2016ರ ಆವೃತ್ತಿ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಂತಿತು. ಇನ್ನು ಭದ್ರತಾ ಅಪ್‌ಡೇಟ್ ಬರುವುದಿಲ್ಲ. ಈ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಬೀಗ ಭದ್ರವಾಗಬೇಕಾದರೆ ಇಡೀ ಮನೆಗೆ ತಿಂಗಳ ಬಾಡಿಗೆ ಕಟ್ಟಬೇಕೆಂಬ ತರ್ಕ ಮಾತ್ರ ನನ್ನ ತಲೆಗೆ ಹತ್ತುವುದಿಲ್ಲ. ಹಿಂದೆ ಡಿಸ್ಕ್ ಕೊಂಡು ತಂದರೆ ಅದು ನಮ್ಮದೇ ಆಗಿರುತ್ತಿತ್ತು. 2007ರಲ್ಲಿ ಮೆನುಗಳನ್ನೆಲ್ಲ ಎತ್ತಿ, ಮೇಲ್ಗಡೆ ‘ರಿಬ್ಬನ್’ ಎಂಬ ಗುಂಡಿಗಳ ಪಟ್ಟಿಯನ್ನು ಹಾಸಿದಾಗಲೂ ಗೊಣಗುತ್ತಲೇ ಹೊಂದಿಕೊಂಡೆವು. ಎಕ್ಸೆಲ್ ಶೀಟ್‌ನಲ್ಲಿ ಸೂತ್ರ ಬಿಟ್ಟು ಬರೀ ಅಂಕಿಗಳನ್ನು ಅಂಟಿಸಬೇಕೆಂದಾಗ ನನ್ನ ಬೆರಳುಗಳು ಈಗಲೂ ಆಲ್ಟ್, ಇ, ಎಸ್, ವಿ ಎಂದು ಹಳೆಯ ಮೆನುವಿನ ದಾರಿಯಲ್ಲೇ ಹೋಗುತ್ತವೆ. ಆ ಮೆನು ಹೋಗಿ ಎಷ್ಟೋ ಕಾಲವಾಗಿದ್ದರೂ ದಾರಿ ಮಾತ್ರ ಇನ್ನೂ ತೆರೆದಿದೆ. ಯಾರೋ ಒಬ್ಬ ಪುಣ್ಯಾತ್ಮ ಅದನ್ನು ಉಳಿಸಿರಬೇಕು.

ಪೆಟ್ಟಿಗೆಯನ್ನಾದರೂ ಸಹಿಸಬಹುದು, ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಸಹಿಸುವುದು ಕಷ್ಟ. ಹೊಸದೇನು ಬಂದರೂ ಅಂದೇ ಹಾಕಿಸಿಕೊಳ್ಳುವ ಅವರು, ಹತ್ತು ಸಾಲಿನ ದರಪಟ್ಟಿಗೂ ಪಟ್ಟಿಯಲ್ಲಿ ಬೇಕಾದ್ದನ್ನು ಹುಡುಕಿಕೊಡುವ ಎಕ್ಸ್‌ಲುಕಪ್ ಎಂಬ ಹೊಸ ಸೂತ್ರ ಹೆಣೆದು ಕಳುಹಿಸುತ್ತಾರೆ. ನನ್ನ ಆವೃತ್ತಿಗೆ ಆ ಸೂತ್ರ ತಿಳಿಯದು. ಆದರೂ ಶೀಟ್ ತೆರೆದೊಡನೆ ಅಂಕಿಗಳೆಲ್ಲ ಸಭ್ಯವಾಗಿಯೇ ಕುಳಿತಿರುತ್ತವೆ. ನಂಬಿ ಒಂದು ದರವನ್ನು ತಿದ್ದಿದೆನೋ, ಮೊತ್ತಗಳಿದ್ದಲ್ಲೆಲ್ಲ ಸೂತ್ರದ ಹೆಸರೇ ಗೊತ್ತಿಲ್ಲವೆಂಬ ದೋಷಸೂಚನೆ ಬಂದು, ‘#ನೇಮ್?’, ‘#ನೇಮ್?’ ಎಂದು ಮೇಲಿಂದ ಕೆಳಗಿನವರೆಗೆ ವಿಚಾರಣೆ ಆರಂಭವಾಗುತ್ತದೆ. ಅಷ್ಟರಲ್ಲಿ ಅವರ ಕುರ್ಚಿಯ ಚಕ್ರಗಳ ಸದ್ದು ಕೇಳುತ್ತದೆ. ಎದ್ದು ಬರುವ ಪದ್ಧತಿ ಅವರಿಗಿಲ್ಲ, ಕುಳಿತಲ್ಲಿಂದಲೇ ಜಾರಿಕೊಂಡು ಬಂದು, ಕನ್ನಡಕವನ್ನು ಹಣೆಗೇರಿಸಿ, ನನ್ನ ಪರದೆಯನ್ನು ರೋಗಿಯಂತೆ ನೋಡಿ, “ನಿಮ್ಮದು ಇನ್ನೂ ಹಳೆಯದೇ ಅಲ್ಲವೇ ಸಾರ್?” ಎಂದು ಪ್ರತಿ ಸಲವೂ ಆಗತಾನೇ ತಿಳಿದವರಂತೆ ಕೇಳುತ್ತಾರೆ. ಉತ್ತರಕ್ಕೂ ಕಾಯದೆ ಅದೇ ಕುರ್ಚಿಯಲ್ಲಿ ಹಿಂದಕ್ಕೆ ಜಾರುತ್ತಾರೆ.

ಮೊನ್ನೆ ಅವರು ಎದ್ದು ಬಂದರು. ಚಂದಾ ನವೀಕರಿಸಲು ಕಚೇರಿಯವರು ತಡಮಾಡಿದ್ದರಂತೆ. ಅವರ ಫೈಲುಗಳನ್ನು ತೆರೆದು ನೋಡಬಹುದಿತ್ತು, ಪ್ರಿಂಟ್ ತೆಗೆಯಬಹುದಿತ್ತು, ತಿದ್ದುವಂತಿರಲಿಲ್ಲ; ಗುಂಡಿಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. “ನಿಮ್ಮದರಲ್ಲಿ ಒಂದೇ ಒಂದು ದರ ತಿದ್ದಿಕೊಡಿ ಸಾರ್” ಎಂದರು. ನಾನು ಬಹಳ ಗಾಂಭೀರ್ಯದಿಂದ ಶೀಟ್ ತೆರೆದು ದರವನ್ನು ತಿದ್ದಿದೆ. ಕೂಡಲೇ ‘#ನೇಮ್?’ಗಳು ಸಾಲುಗಟ್ಟಿ ನಿಂತವು. ಇಬ್ಬರೂ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದೆವು. ಕೊನೆಗೆ ಅವರೇ ನಿಟ್ಟುಸಿರಿಟ್ಟು ಹೇಳಿದರು: “ಅದಕ್ಕೇ ಸಾರ್, ನೀವು ಆಗಲೇ ಅಪ್‌ಗ್ರೇಡ್ ಮಾಡಿಸಿಕೊಳ್ಳಬೇಕಿತ್ತು.”