‘ನಾನು ಅಂಥೋಳಲ್ಲ ಸಾರ್’

ರಾತ್ರಿ ಕಣ್ಣಿಗೆ ಕಣ್ಣು ಹತ್ತಿಲ್ಲ. ಬೆಳಗ್ಗೆ ಐದಕ್ಕೇ ಎದ್ದು ಬರೀತಾ ಕೂತಿದೀನಿ. ಉದ್ದ ಆಗ್ತದೆ, ಪುರುಸೊತ್ತಿದ್ದೋರು ಓದ್ರಿ.

ನಿನ್ನೆ ಬೆಂಗಳೂರಿನ ಚಿಕ್ಕಪೇಟೆಯಿಂದ ಅಂಗಡಿಗೆ ಮಾಲು ತಗೊಂಡು ದಾವಣಗೆರೇಲಿ ಇಳಿಯೋ ಹೊತ್ತಿಗೆ ಹತ್ತೂ ಮುಕ್ಕಾಲು. ಪಿ.ಬಿ. ರೋಡಲ್ಲಿ ಎರಡು ಸೀರೆ ಗಂಟು ಕಾಲ ಹತ್ರ ಇಟ್ಕೊಂಡು ನಮ್ಮನೆಯವರ ಸ್ಕೂಟರ್ ದಾರಿ ಕಾಯ್ತಾ ನಿಂತಿದ್ದೆ. ಹತ್ತು ಹೆಜ್ಜೆ ಆಚೆ, ಬಾಗಿಲು ಹಾಕಿದ ಅಂಗಡಿ ಮುಂದೆ ಒಬ್ಬ ಹುಡುಗಿ. ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಕೈಯಲ್ಲಿ ಊಟದ ಡಬ್ಬಿ ಚೀಲ. ಅಷ್ಟರಲ್ಲಿ ಬೈಕ್ ಮೇಲೆ ಖಾಕಿಯವರೊಬ್ಬರು ಬಂದ್ರು. ಬೈಕಿಂದ ಇಳೀಲೂ ಇಲ್ಲ.

‘ಯಾರಿಗೆ ಕಾಯ್ತಿದೀಯ?’

‘ನಮ್ಮಣ್ಣ ಬರ್ತಾನೆ ಸಾರ್.’

‘ದಿನಾ ಎಷ್ಟು ಜನ ಅಣ್ಣಂದಿರು ಬರ್ತಾರೆ?’

ಆಮೇಲೆ ಕೇಳಿದ್ದು ರೇಟು. ಆ ಹುಡುಗಿ ನಡುಗೋ ಕೈಯಲ್ಲಿ ಚೀಲದಿಂದ ಐಡಿ ಕಾರ್ಡ್ ತೆಗೆದ್ಲು. ನರ್ಸಿಂಗ್ ಹೋಮಲ್ಲಿ ಆಯಾ ಕೆಲಸ, ಎರಡನೇ ಪಾಳಿ ಮುಗಿಸಿ ಬಂದಿದೀನಿ, ‘ನಾನು ಅಂಥೋಳಲ್ಲ ಸಾರ್.’ ಅವರು ಮೊಬೈಲ್ ತೆಗೆದು ಆಕೆ ಮುಖದ ಫೋಟೋ ಹೊಡ್ಕೊಂಡ್ರು. ‘ಜೀಪ್ ಕರೆಸ್ತೀನಿ, ಅದನ್ನೆಲ್ಲ ಸ್ಟೇಷನ್ನಲ್ಲಿ ಹೇಳೂವಂತೆ.’

ನಾನು ಸುಮ್ನಿರೋಳಲ್ಲ ಅಂತ ನಿಮಗೆ ಗೊತ್ತು. ಆರ್.ಎಲ್. ಲಾ ಕಾಲೇಜಲ್ಲಿ ಓದಿ, ವಕೀಲಿಕೆ ಸನದು ಮಾಡಿಸಿ, ಅದನ್ನ ಟ್ರಂಕಲ್ಲಿಟ್ಟು ಗಲ್ಲಾ ಮೇಲೆ ಕೂತೋಳು ನಾನು. ಸನದು ಟ್ರಂಕಲ್ಲಿದ್ರೂ ಬಾಯಿ ಇಲ್ಲೇ ಇದೆಯಲ್ಲ. ಹೋಗಿ, ‘ಯಾವ ಸೆಕ್ಷನ್ ಸಾರ್?’ ಅಂದೆ. ಅವರು ನನ್ನನ್ನ, ಸೀರೆ ಗಂಟನ್ನ ಮೇಲಿಂದ ಕೆಳಗೆ ನೋಡಿ, ‘ನೀವೂ ಇವಳ ಜೊತೆಗೇ ಬಂದೋರಾ?’ ಅಂದ್ರು. ನಲವತ್ತಾರನೇ ವಯಸ್ಸಿಗೆ, ಎರಡೂ ಮಂಡಿ ಹಿಡ್ಕೊಂಡಿರೋ ನನಗೆ! ನಗೋದೋ ಅಳೋದೋ ತಿಳೀಲಿಲ್ಲ.

‘ಪೀಟಾ’ ಅಂದ್ರು. ಸರಿ, ಪೀಟಾನೇ ನೋಡೋಣ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ. ಅದರ 8ನೇ ಸೆಕ್ಷನ್ ಸಾರ್ವಜನಿಕ ಜಾಗದಲ್ಲಿ ಮಾತಿಂದಲೋ ಸನ್ನೆಯಿಂದಲೋ ಲೈಂಗಿಕ ವೃತ್ತಿಗೆ ಗಿರಾಕಿ ಕರೆಯೋದನ್ನ ಅಪರಾಧ ಅನ್ನುತ್ತೆ. ನಿಂತಿರೋದನ್ನಲ್ಲ. ಅಣ್ಣನಿಗೆ ಕಾಯೋದನ್ನಂತೂ ಅಲ್ಲವೇ ಅಲ್ಲ. 7ನೇ ಸೆಕ್ಷನ್ ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಿಂದ 200 ಮೀಟರ್ ಒಳಗೆ ಈ ವೃತ್ತಿ ನಡೆಸಬಾರದು ಅನ್ನುತ್ತೆ. ನಮ್ಮೂರಲ್ಲಿ ಗುಡಿ, ಕಾಲೇಜು, ಹಾಸ್ಟೆಲ್, ನರ್ಸಿಂಗ್ ಹೋಮ್ ನಾಲ್ಕೂ ಇಲ್ಲದ 200 ಮೀಟರ್ ತೋರಿಸಿದೋರಿಗೆ ನನ್ನ ಖರ್ಚಲ್ಲಿ ಬೆಣ್ಣೆ ದೋಸೆ. ಆದ್ರೆ ಅಲ್ಲೂ ವೃತ್ತಿ ನಡೀತಿತ್ತು ಅಂತ ಅವರೇ ಸಾಬೀತು ಮಾಡಬೇಕು. ನಡೆಸ್ತಿರಲಿಲ್ಲ ಅಂತ ನಾವು ಸಾಬೀತು ಮಾಡೋದಲ್ಲ.

ಇನ್ನೊಂದು, ಈ ಕಾಯ್ದೆಯಡಿ ವಾರಂಟಿಲ್ಲದೆ ಹಿಡಿಯೋ ಅಧಿಕಾರ ಮುಖ್ಯವಾಗಿ ಇರೋದು ವಿಶೇಷ ಪೊಲೀಸ್ ಅಧಿಕಾರಿಗೆ. ಇನ್ಸ್‌ಪೆಕ್ಟರಿಗಿಂತ ಕೆಳಗಿನೋರು ಆ ಜಾಗದಲ್ಲಿ ಕೂರೋ ಹಾಗಿಲ್ಲ. ಅವರು ತಮ್ಮ ಕೈಕೆಳಗಿನೋರನ್ನ ಕಳಿಸಿದ್ರೂ ಯಾರನ್ನ, ಯಾವ ಅಪರಾಧಕ್ಕೆ ಅಂತ ಬರೆದು ಕೊಡಬೇಕು. ಬೈಕ್ ಸೀಟ್ ಮೇಲೆ ಕೂತು ತೀರ್ಮಾನ ಮಾಡೋ ವಿಷಯ ಅಲ್ಲ ಇದು. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಗಳನ್ನ ಬಂಧಿಸೋದಕ್ಕೆ ಅಪರೂಪದ ಕಾರಣ ಬೇಕು, ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ತಗೋಬೇಕು. ಮೊದಲು ಸಿಆರ್‌ಪಿಸಿ ಅನ್ನೋ ಹಳೇ ದಂಡ ಪ್ರಕ್ರಿಯಾ ಸಂಹಿತೆಲಿತ್ತು, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್. ಇಷ್ಟೆಲ್ಲ ಅವರಿಗೆ ಹೇಳಿದ್ನಾ? ಇಲ್ಲ. ಅರ್ಧ ಹೇಳಿದೆ, ಇನ್ನರ್ಧ ಮನೆಗೆ ಬಂದು ಗೋಡೆಗೆ ಹೇಳಿದೆ.

ಆದ್ರೆ ನಿದ್ದೆ ಕೆಡಿಸಿದ್ದು ಸೆಕ್ಷನ್ ಅಲ್ಲ. ಆ ಮಾತು. ‘ನಾನು ಅಂಥೋಳಲ್ಲ.’

ಯಾಕೆ ಹೇಳಬೇಕು ಅದನ್ನ? ಆಕೆ ‘ಅಂಥೋಳೇ’ ಆಗಿದ್ರೆ ರೇಟ್ ಕೇಳಬಹುದಿತ್ತಾ? 2022ರ ಮೇ 19ರಂದು ಸುಪ್ರೀಂ ಕೋರ್ಟ್ ಲೈಂಗಿಕ ವೃತ್ತಿಯವರನ್ನೂ ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕು, ಬೈಯಬಾರದು, ಹೊಡೀಬಾರದು ಅಂತ ಹೇಳಿದೆ. ಅಂದ್ರೆ ಐಡಿ ಕಾರ್ಡ್ ಇರಲಿ, ಇಲ್ಲದಿರಲಿ, ಆ ಪ್ರಶ್ನೆಗೇ ಜಾಗ ಇಲ್ಲ. ಹೆಣ್ಣಿನ ಮಾನಕ್ಕೆ ಕುಂದು ತರೋ ಮಾತಿಗೆ, ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 79ನೇ ಸೆಕ್ಷನ್ ಮೂರು ವರ್ಷದವರೆಗೆ ಶಿಕ್ಷೆ ಇಟ್ಟಿದೆ. ನಿನ್ನೆ ಆ ಜಾಗದಲ್ಲಿ ಅಪರಾಧ ಏನಾದ್ರೂ ನಡೆದಿದ್ರೆ ಅದೊಂದೇ.

‘ಅಕ್ಕಾ, ಬಸ್ ಸ್ಟ್ಯಾಂಡ್ ಸುತ್ತ ನಡೆಯೋದು ನಡೀತದೆ, ಪೊಲೀಸ್ನೋರು ಕೇಳದೆ ಇನ್ಯಾರು ಕೇಳಬೇಕು?’ ಅಂತೀರಿ. ನಮ್ಮನೆಯವರೂ ಅಂದ್ರು, ಅದಕ್ಕೇ ರಾತ್ರಿ ತಣ್ಣಗಿನ ಅನ್ನ ಉಂಡ್ರು. ಕೇಳ್ಲಿ. ‘ಎಲ್ಲಿಗೆ ಹೋಗಬೇಕಮ್ಮ, ಆಟೋ ಮಾಡಿಸ್ಲಾ?’ ಅನ್ನೋದೂ ಕೇಳೋದೇ. ಹೆಣ್ಣುಮಕ್ಕಳನ್ನ ಬಲವಂತವಾಗಿ ಈ ಕೂಪಕ್ಕೆ ತಳ್ಳೋರನ್ನ ಹಿಡೀಲಿ, ನಾನೇ ಹೂವಿನ ಹಾರ ಹಾಕ್ತೀನಿ. ಆ ರೇಡಿಗೂ ಕಾಯ್ದೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಜೊತೆಗಿರಲೇಬೇಕು ಅನ್ನುತ್ತೆ. ಮತ್ತೆ ಅದೇ ರೋಡಲ್ಲಿ ನನ್ನೆದುರೇ ಮೂರು ಸುತ್ತು ಹಾಕಿ, ಪ್ರತಿ ಸುತ್ತಿಗೂ ಆ ಹುಡುಗಿ ಮುಂದೆ ಗಾಡಿ ನಿಧಾನ ಮಾಡಿದ ಗಂಡಸನ್ನ ಯಾರೂ ‘ಯಾರಿಗೆ ಕಾಯ್ತಿದೀಯಪ್ಪ?’ ಅನ್ನಲಿಲ್ಲ. ಕಾಯ್ದೆಗೂ ಅವರ ಮೇಲೆ ಕರುಣೆ ಜಾಸ್ತಿ ಬಿಡ್ರಿ. 8ನೇ ಸೆಕ್ಷನ್ನಿನ ಅದೇ ತಪ್ಪಿಗೆ ಹೆಂಗಸಿಗೆ ಮೊದಲ ಸಲವೇ ಆರು ತಿಂಗಳವರೆಗೆ ಜೈಲು, ಗಂಡಸಿಗೆ ಏಳು ದಿನದಿಂದ ಮೂರು ತಿಂಗಳು.

ಈಗ ಯಾರಿಗೂ ಹೇಳದ ಒಂದು ಮಾತು. 2011ರಲ್ಲಿ, ನಾನಿನ್ನೂ ಕೋರ್ಟಿಗೆ ಹೋಗ್ತಿದ್ದಾಗ, ಚಿತ್ರದುರ್ಗದಲ್ಲಿ ಸೀನಿಯರ್ ಕೇಸ್ ಮುಗಿಸಿ ಹೈವೇ ಪಕ್ಕ ಕತ್ತಲಲ್ಲಿ ಬಸ್ಸಿಗೆ ನಿಂತಿದ್ದೆ. ಹೀಗೇ ಒಬ್ಬರು ಬಂದು ಹೀಗೇ ಕೇಳಿದ್ರು. ಕರಿಕೋಟು ಬ್ಯಾಗಲ್ಲೇ ಇತ್ತು. ನಾನು ತೆಗೆದು ತೋರಿಸಿದ್ದು ಕೋಟಲ್ಲ, ತಾಳಿ. ‘ಮರ್ಯಾದಸ್ಥರ ಮನೆಯವಳು ನಾನು’ ಅಂದೆ. ಅಲ್ಲಿಗೇ ನಿಲ್ಲಿಸಲಿಲ್ಲ. ಸ್ವಲ್ಪ ದೂರದಲ್ಲಿ ಇನ್ನೊಬ್ಬಾಕೆ ನಿಂತಿದ್ಲು. ‘ಅಲ್ಲಿ ನಿಂತಾಳಲ್ಲ, ಆಕೀನ ಕೇಳ್ರಿ’ ಅಂದೆ. ಅವರು ಆ ಕಡೆ ಹೋದ್ರು. ನನಗೆ ಬಸ್ ಸಿಕ್ತು. ಆಕೆಗೆ ಏನಾಯ್ತೋ, ತಿರುಗಿ ನೋಡಲಿಲ್ಲ. ಸನದು ಇದ್ದೋಳ ಕಥೆ ಇದು! ನಿನ್ನೆ ನಾನು ಧೈರ್ಯ ಮಾಡಿದೆ ಅಂತ ಯಾರಾದ್ರೂ ಹೊಗಳೋ ಮುಂಚೆ ಇದನ್ನ ಹೇಳಿಬಿಡಬೇಕಿತ್ತು.

ಕೊನೆಗೆ ಆಗಿದ್ದಿಷ್ಟು. ‘ಕರೆಸ್ರಿ ಜೀಪ್, ನಾನೂ ಬರ್ತೀನಿ. ಬಂಧನದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನ ನೋಡೋಕೆ ಬಿಡಬೇಕು, 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಎಲ್ಲ ಮಾಡೋಣ’ ಅಂದೆ. ‘ಮೊದಲು ನಿಮ್ಮ ಹೆಸರು ಹೇಳ್ರಿ’ ಅಂತ ಹೆಸರಿನ ಪಟ್ಟಿ ಇಲ್ಲದ ಅವರ ಜೇಬು ನೋಡಿದೆ. ಅವರು ಏನೋ ಗೊಣಗ್ಕೊಂಡು ಫೋಟೋ ಅಳಿಸಿ ಗಾಡಿ ತಿರುಗಿಸಿದ್ರು. ಅಳಿಸಿದ್ರೋ, ಅಳಿಸಿದ ಹಾಗೆ ಮಾಡಿದ್ರೋ.

‘ಎಸ್ಪಿಯವರಿಗೆ ಬರೆದು ಕೊಡೋಣ ತಂಗಿ. ದುಡ್ಡಿನ ಚಿಂತೆ ಬ್ಯಾಡ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನ ಪುಕ್ಕಟೆ ಕೊಡ್ತಾರೆ, 15100ಕ್ಕೆ ಫೋನ್ ಮಾಡಿದ್ರೆ ಸಾಕು’ ಅಂದೆ.

‘ಬ್ಯಾಡಕ್ಕಾ. ಮನೇಲಿ ಗೊತ್ತಾದ್ರೆ ಕೆಲಸ ಬಿಡಿಸ್ತಾರೆ.’

ಅಷ್ಟರಲ್ಲಿ ಅಣ್ಣ ಬಂದ. ಗಾಡಿ ಪಂಕ್ಚರ್ ಆಗಿತ್ತಂತೆ. ತಂಗಿ ಮುಖ ನೋಡಿ, ‘ಏನಾತು?’ ಅಂದ. ಆಕೆ ಸೆರಗಲ್ಲಿ ಮುಖ ಒರೆಸ್ಕೊಂಡು, ‘ಏನಿಲ್ಲ, ಈ ಅಕ್ಕ ಅಡ್ರೆಸ್ ಕೇಳ್ತಿದ್ರು’ ಅಂತ ಹೇಳಿ ಹಿಂದೆ ಹತ್ತಿ ಕೂತ್ಲು.