ಒಣನೆಲದ ಎರಡು ಸಾವಿರ ಮೀಟರ್

ನೋಟಿಸ್ ಬೋರ್ಡಿಗೆ ಚೀಟಿ ಬಿದ್ದಿದೆ. ಕಾಲೇಜಿನ ರೋಯಿಂಗ್, ಅಂದರೆ ದೋಣಿ ಹುಟ್ಟುಹಾಕುವ ತಂಡ ಸೇರುವವರು ತರಬೇಕಾದ್ದು: ಆಧಾರ್ ಪ್ರತಿ, ಪಿಯುಸಿ ಅಂಕಪಟ್ಟಿ, ಪಾಸ್‌ಪೋರ್ಟ್ ಅಳತೆಯ ನಾಲ್ಕು ಫೋಟೊ, ಶುಲ್ಕ ಕಟ್ಟಿದ ರಸೀದಿ. ಈಜು ಬರುತ್ತದೆಯೇ ಎಂದು ಕೇಳುವ ಕಾಲಂ ಇಲ್ಲ. ಮರೆತು ಬಿಟ್ಟದ್ದಲ್ಲ. ನೀರಿನ ಹತ್ತಿರ ಹೋಗುವ ಅಂದಾಜು ಇದ್ದರೆ ತಾನೇ ಆ ಪ್ರಶ್ನೆ?

ಪ್ರಾದೇಶಿಕ ಚಾಂಪಿಯನ್‌ಶಿಪ್‌ಗೆ ಇನ್ನು ಏಳು ವಾರ. ಬೆಂಗಳೂರಿನ ಅಂಚಿನಲ್ಲಿರುವ ಯಾವುದಾದರೂ ಸಣ್ಣ ಕಾಲೇಜು ಅಷ್ಟರೊಳಗೆ ತಂಡ ಕಟ್ಟುವುದು ಹೇಗೆಂದು ನೋಡೋಣ. ಪ್ರಾಂಶುಪಾಲರ ಭಾಷಣ ಹೇಗೂ ಸಿದ್ಧವಿರುತ್ತದೆ: 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ರೋಯಿಂಗ್ ಒಂದರಿಂದಲೇ ಐದು ಪದಕ ಬಂತು, ನಮ್ಮ ಮಕ್ಕಳೇನು ಕಡಿಮೆ? ಕಡಿಮೆ ಏನಿಲ್ಲ. ಆ ಪದಕ ತಂದವರಲ್ಲಿ ಬಹುಪಾಲು ಸೇನೆಯವರು, ಸೇನೆಯವರ ಹತ್ತಿರ ನೀರಿದೆ, ಅಷ್ಟೇ ವ್ಯತ್ಯಾಸ.

ಮೊದಲ ಕೆಲಸ ದೋಣಿ ಖರೀದಿ, ಅದು ಬಹಳ ಹಿಂದೆಯೇ ಶುರುವಾಗಿರುತ್ತದೆ. ಇಬ್ಬರು ಕೂತು ತಲಾ ಎರಡು ಹುಟ್ಟು ಹಾಕುವ ಡಬಲ್ ಸ್ಕಲ್ ಸುಮಾರು ಹತ್ತು ಮೀಟರ್ ಉದ್ದ. ನಿಯಮದ ಪ್ರಕಾರ ತೂಕ 27 ಕೆ.ಜಿ.ಗಿಂತ ಕಡಿಮೆ ಇರಬಾರದು, ದುಡ್ಡೆಲ್ಲ ಹೋಗುವುದು ಆ 27ಕ್ಕೆ ಇಳಿಸುವುದಕ್ಕೇ. ಹಗುರವಾದಷ್ಟೂ ದುಬಾರಿ ಎಂಬ ಈ ಮಾತು ಯಾವ ಲೆಕ್ಕಪರಿಶೋಧಕರಿಗೂ ಅರಗುವುದಿಲ್ಲ. ಕೆ.ಜಿ.ಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿ ಎದೆ ಹಿಡಿದುಕೊಳ್ಳುತ್ತಾರೆ. ಮೂರು ಕೊಟೇಶನ್ ತರಿಸಿದರೆ ಎಲ್ಲಕ್ಕಿಂತ ಕಡಿಮೆ ದರ ಬರುವುದು ಪಾರ್ಕಿನಲ್ಲಿ ಪೆಡಲ್ ತುಳಿಯುವ, ಹಂಸದ ಕತ್ತಿನ ಫೈಬರ್ ದೋಣಿಗೆ. ಅದರಲ್ಲಿ ನಾಲ್ಕು ಜನ ಕೂರಬಹುದು, ಮೇಲೆ ಚಾವಣಿ ಬೇರೆ. ತುಲನಾತ್ಮಕ ಪಟ್ಟಿಯಲ್ಲಿ ಹಂಸವೇ ಗೆಲ್ಲುತ್ತದೆ. ಅದನ್ನು ತಪ್ಪಿಸಿ ನಿಜವಾದ ದೋಣಿ ತರಿಸಲು ದೈಹಿಕ ಶಿಕ್ಷಣ ನಿರ್ದೇಶಕರು ಎರಡು ಶೈಕ್ಷಣಿಕ ವರ್ಷ ಸವೆಸಿರುತ್ತಾರೆ.

ದೋಣಿಯ ಜೊತೆ ಹುಟ್ಟುಗಳು ಬರುತ್ತವೆ, ಒಂದೊಂದೂ ಸುಮಾರು 288 ಸೆಂ.ಮೀ. ದಾಸ್ತಾನು ಪುಸ್ತಕದಲ್ಲಿ ಕನ್ನಡ ಅಭಿಮಾನದಿಂದ ‘ಹುಟ್ಟು, ಜೊತೆ 2’ ಎಂದು ಬರೆದದ್ದೇ ತಪ್ಪಾಯಿತು. ಮಾರನೆಯ ದಿನ ಅವು ಹಾಸ್ಟೆಲ್ ಅಡುಗೆಮನೆಯ ಪುಟಕ್ಕೆ ವರ್ಗವಾಗಿ, ಸೌಟು, ಜಾಲರಿಗಳ ನಡುವೆ ಕೂತವು. ಒಂಬತ್ತೂವರೆ ಅಡಿಯ ಸೌಟು ಯಾವ ಹಂಡೆಗೆ ಎಂದು ಯಾರೂ ಕೇಳಲಿಲ್ಲ.

ಈ ದೋಣಿಗೆ ಹತ್ತುವುದಕ್ಕೂ ಒಂದು ಕ್ರಮವಿದೆ. ಒಡಲಿನ ಗೋಡೆ ತೀರ ತೆಳು, ಒಳಗೆ ಜೇನುಗೂಡಿನಂಥ ಹಂದರಕ್ಕೆ ಎರಡೂ ಕಡೆ ಕಾರ್ಬನ್ ಪದರ. ಸೀಟು ಓಡಾಡುವ ಎರಡು ಹಳಿಗಳ ನಡುವೆ ಅಂಗೈ ಅಗಲದ ಒಂದು ಹಲಗೆ ಇರುತ್ತದೆ, ಪಾದ ಇಡಬೇಕಾದ್ದು ಅದರ ಮೇಲೆ ಮಾತ್ರ. ಬೇರೆಲ್ಲಿ ಇಟ್ಟರೂ ಕಾಲು ದೋಣಿ ದಾಟಿ ನೇರ ಕೆರೆಗೆ. ಇಂಥ ವಸ್ತುವನ್ನು ಬಿಸಿಲು ತಾಗದ ಕಡೆ, ಅಗಲ ಪಟ್ಟಿಗಳ ಮೇಲೆ ಮಗುಚಿ ಇಡಬೇಕು. ಇಟ್ಟಿರುವುದು ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ. ಅದರ ಬೆನ್ನ ಮೇಲೆ ಕಾಲೇಜು ಡೇ ಮುಗಿದು ಉಳಿದ ಪ್ಲಾಸ್ಟಿಕ್ ಕುರ್ಚಿಗಳು.

ಜೋಡಣೆಗೆ 10 ಮತ್ತು 13ರ ಸ್ಪ್ಯಾನರ್ ಸಾಕು, ಜೊತೆಗೆ ಒಂಚೂರು ತಿಳಿವಳಿಕೆ. ಎರಡು ಹುಟ್ಟುಗಳ ಹಿಡಿಗಳು ಎದೆಯ ಮುಂದೆ ಒಂದರ ಮೇಲೊಂದು ಹಾಯುತ್ತವೆ, ಎಡಗೈ ಮೇಲೆ, ಬಲಗೈ ಕೆಳಗೆ. ಅದಕ್ಕೆಂದೇ ಎಡಗೈ ಹುಟ್ಟು ಕೂರುವ ಗೇಟನ್ನು ಒಂದರಿಂದ ಒಂದೂವರೆ ಸೆಂ.ಮೀ. ಎತ್ತರಿಸಿ ಬಿಗಿಯುತ್ತಾರೆ. ಭೌತಶಾಸ್ತ್ರ ವಿಭಾಗದಿಂದ ಸ್ಪಿರಿಟ್ ಲೆವೆಲ್ ತಂದ ಉತ್ಸಾಹಿಗಳು ಇದನ್ನು ತಯಾರಕರ ದೋಷವೆಂದು ಬಗೆದು ಎರಡನ್ನೂ ಸಮ ಮಾಡಿಕೊಟ್ಟಿದ್ದಾರೆ. ಹೀಗೆ ಸಮ ಮಾಡಿದ ದೋಣಿಯಲ್ಲಿ ಕೂತು ಹತ್ತು ಸಲ ಎಳೆದರೆ ಕೆಳಗಿನ ಕೈಯ ಗೆಣ್ಣು ಸುಲಿದು ರಕ್ತ ಬರಬೇಕು. ಯಾರಿಗೂ ಬಂದಿಲ್ಲ. ಯಾರೂ ಕೂತಿಲ್ಲ.

ಹಾಗಾದರೆ ಅಭ್ಯಾಸ? ಅದಕ್ಕೆ ಜಿಮ್ ಇದೆ, ಜಿಮ್ಮಿನಲ್ಲಿ ಒಣನೆಲದಲ್ಲೇ ಹುಟ್ಟು ಹಾಕಿಸುವ ಕಾನ್ಸೆಪ್ಟ್ 2 ಯಂತ್ರವಿದೆ. ಸರಪಳಿ ಎಳೆದರೆ ಗಾಳಿಚಕ್ರ ತಿರುಗುತ್ತದೆ, ಪುಟ್ಟ ಪರದೆಯ ಮೇಲೆ ಮೀಟರ್ ಓಡುತ್ತದೆ. ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿಗಳಿರುವ ಒಂದು ಸನ್ನೆ. ಬಂದವರೆಲ್ಲ ಮೊದಲು ಮಾಡುವ ಕೆಲಸ ಅದನ್ನು 10ಕ್ಕೆ ತಳ್ಳುವುದು, ಪಲ್ಸರಿನ ಟಾಪ್ ಗೇರೆಂದುಕೊಂಡು. ಅದು ಗಾಳಿ ಒಳಗೆ ಬಿಡುವ ಬಾಗಿಲು ಮಾತ್ರ. ದೋಣಿಯ ಅನುಭವ ಬೇಕಿದ್ದರೆ 3ರಿಂದ 5ರ ನಡುವೆ ಇಟ್ಟು, ಪರದೆಯಲ್ಲಿ ಗಾಳಿಯ ತಡೆ ತೋರಿಸುವ ಡ್ರ್ಯಾಗ್ ಫ್ಯಾಕ್ಟರ್ 120-130ರ ಆಸುಪಾಸು ಬರುವಂತೆ ನೋಡಿಕೊಳ್ಳಬೇಕು. 10ರಲ್ಲಿ ಎಳೆದರೆ ಸೊಂಟ ಕೂರುತ್ತದೆ. ನಮ್ಮ ಪುಣ್ಯ, ಯಂತ್ರದ ಜಾಲರಿಗೆ ಮೂರು ವರ್ಷದ ದೂಳು ಅಡರಿ ಗಾಳಿಯೇ ಒಳಹೋಗದು, 10 ಎಂದರೂ ಅದು 4ರಂತೆಯೇ ನಡೆಯುತ್ತದೆ. ನಿರ್ವಹಣೆ ಮಾಡದೆ ಸೊಂಟ ಕಾಪಾಡಿದ ಏಕೈಕ ಪ್ರಕರಣ ಇದಿರಬಹುದು. ಐವತ್ತು ತಾಸಿಗೊಮ್ಮೆ ಒಂದು ಟೀ ಚಮಚ ಖನಿಜ ತೈಲವನ್ನು ಬಟ್ಟೆಗೆ ಹಾಕಿ ಸರಪಳಿ ಒರೆಸಬೇಕು. ಹಾಕಿರುವುದು ಕೊಬ್ಬರಿ ಎಣ್ಣೆ, ಅದೂ ಮೊದಲ ದಿನ, ಕುಂಕುಮದ ಬೊಟ್ಟಿನ ಜೊತೆ.

ವೇಗದ ಲೆಕ್ಕವೂ ಸುಲಭದ್ದಲ್ಲ. 500 ಮೀಟರಿಗೆ 2 ನಿಮಿಷದಂತೆ ಎಳೆದರೆ 2000 ಮೀಟರಿಗೆ 8 ನಿಮಿಷ, ಬೇಕಾದ ಶಕ್ತಿ 203 ವಾಟ್. ಅದೇ 1 ನಿಮಿಷ 50 ಸೆಕೆಂಡಿಗೆ ಇಳಿಸಲು 263 ವಾಟ್. ಶಕ್ತಿ ವೇಗದ ಘನಕ್ಕೆ ಏರುವುದರಿಂದ ಹತ್ತು ಸೆಕೆಂಡ್ ಉಳಿಸಲು ಸುಮಾರು ಶೇ 30 ಹೆಚ್ಚು ದುಡಿಯಬೇಕು. ಕ್ರೀಡಾ ಸಮಿತಿಯ ಸಭೆಯಲ್ಲಿ ಇದನ್ನು ವಿವರಿಸಿದರೆ ಬರುವ ಉತ್ತರ ಒಂದೇ: ‘ಹತ್ತೇ ಸೆಕೆಂಡ್ ಅಲ್ವೇನ್ರೀ, ನಾಳೆಯಿಂದ ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಬರೋಕೆ ಹೇಳಿ.’

ಯಂತ್ರ ಕಲಿಸದ ವಿದ್ಯೆ ಇನ್ನೂ ಇದೆ. ಎಳೆಯುವಾಗ ಕಾಲು, ಬೆನ್ನು, ತೋಳು, ವಾಪಸಾಗುವಾಗ ತೋಳು, ಬೆನ್ನು, ಕಾಲು. ಕೈ ಮೊಣಕಾಲು ದಾಟುವ ಮೊದಲೇ ಮಂಡಿ ಮಡಚಿದರೆ ಯಂತ್ರದಲ್ಲಿ ಏನೂ ಆಗುವುದಿಲ್ಲ, ಸರಪಳಿ ಮಂಡಿಯ ಮೇಲೆ ಹಾರಿ ಹೋಗುತ್ತದೆ. ದೋಣಿಯಲ್ಲಾದರೆ ಆ ಗುಡ್ಡ ಹತ್ತಲು ಹಿಡಿ ಎತ್ತಬೇಕು, ಹಿಡಿ ಎತ್ತಿದರೆ ಅತ್ತ ಹುಟ್ಟಿನ ಎಲೆ ನೀರಿಗೆ ಕಚ್ಚುತ್ತದೆ, ದೋಣಿ ಸಮತೋಲ ತಪ್ಪುತ್ತದೆ. ಎಲೆಯನ್ನು ನೀರಿನಿಂದ ತೆಗೆದ ಮೇಲೆ ಅಡ್ಡ ತಿರುಗಿಸಬೇಕು, ಒಳಗಿರುವಾಗಲೇ ತಿರುಗಿಸಿದರೆ ಅದು ಸಿಕ್ಕಿಕೊಂಡು ಹಿಡಿ ಹೊಟ್ಟೆಗೆ ಗುದ್ದುತ್ತದೆ. ಇದಕ್ಕೆ ಕ್ರ್ಯಾಬ್ ಎನ್ನುತ್ತಾರೆ. ಯಂತ್ರದ ಹಿಡಿ ತಿರುಗುವುದೇ ಇಲ್ಲ. ಹೀಗಾಗಿ ನಮ್ಮ ಹುಡುಗರು ಏಡಿ ಕಂಡಿರುವುದು ಹೋಟೆಲಿನಲ್ಲಿ ಮಾತ್ರ.

ಸರಿ, ನೀರಿಗೇ ಇಳಿಸೋಣ. ಪಂದ್ಯದ ಅಂತರ 2000 ಮೀಟರ್, ನೇರ. ಅಂತರರಾಷ್ಟ್ರೀಯ ಮಟ್ಟದಲ್ಲಿ ಒಂದೊಂದು ಲೇನ್ 13.5 ಮೀಟರ್ ಅಗಲ, ಆಳ ಕನಿಷ್ಠ 3 ಮೀಟರ್, ತಳ ಏರುಪೇರಾಗಿದ್ದರೆ ಮೂರೂವರೆ. ಹಲಸೂರು ಕೆರೆಯಲ್ಲಿ ನೀರಿದೆ, ದಡದಲ್ಲೇ ಸೇನೆಯ ಮದ್ರಾಸ್ ಸ್ಯಾಪರ್ಸ್ ಇದ್ದಾರೆ, ಆದರೆ ನಡುಗಡ್ಡೆಗಳನ್ನು ತಪ್ಪಿಸಿ 2000 ಮೀಟರ್ ಗೀಟು ಎಳೆಯಲು ಕೆರೆ ಸಾಲದು. ಉದ್ದ ಬೇಕೆಂದರೆ ಬೆಳ್ಳಂದೂರು, ಮೂರೂವರೆ ಕಿ.ಮೀ. ಇದೆ. ಅದರ ಕೊರತೆ ಬೇರೆ: ಸೋಪಿನ ನೊರೆ ರಸ್ತೆಗೆ ಬಂದದ್ದು, 2015ರಲ್ಲಿ ಆ ನೊರೆಯೇ ಹೊತ್ತಿಕೊಂಡದ್ದು, 2018ರ ಜನವರಿಯಲ್ಲಿ ಕೆರೆಗೆ ಬಿದ್ದ ಬೆಂಕಿ ಆರಿಸಲು ಸೇನೆ ಬಂದದ್ದು. ಲೈಫ್ ಜಾಕೆಟ್ ಕೊಡಬೇಕೋ ಅಗ್ನಿಶಾಮಕ ಸಿಲಿಂಡರ್ ಕೊಡಬೇಕೋ ಎಂದು ನಿಯಮಾವಳಿ ಹೇಳುವುದಿಲ್ಲ. ಆಮೇಲೆ ಹೂಳೆತ್ತುವ ಕೆಲಸ ಶುರುವಾಯಿತು, ಲಾರಿಗಳಿಗೆ ದಾರಿ ಬೇಕಲ್ಲ, ನೀರನ್ನೇ ಬೇರೆ ಕಡೆಗೆ ತಿರುಗಿಸಿದರು.

ಉಳಿದದ್ದು ಕಾಲೇಜಿನ ಪಕ್ಕದ ‘ಅಭಿವೃದ್ಧಿಪಡಿಸಿದ’ ಕೆರೆ. ವಾಕಿಂಗ್ ಪಥ, ತಂತಿಬೇಲಿ, ಬಯಲು ಜಿಮ್, ಎಲ್ಲವೂ ಉಂಟು. ಬೈಕು ನುಗ್ಗದಂತೆ ದ್ವಾರದಲ್ಲಿ ಎಸ್ ಆಕಾರದ ಕಬ್ಬಿಣದ ಬಾಗು. ಹತ್ತು ಮೀಟರಿನ ಕಾರ್ಬನ್ ದೋಣಿ ಬಾಗುವುದಿಲ್ಲ. ಬೇಲಿ ಮೇಲಿಂದ ಹಾಯಿಸಿದರೂ ಇಳಿಸಲು ತಗ್ಗಿನ ತೇಲುವೇದಿಕೆ ಬೇಕು, ಏಕೆಂದರೆ ಹುಟ್ಟುಗಳನ್ನು ಹೊರುವ ರಿಗ್ಗರಿನ ತೋಳುಗಳು ಎರಡೂ ಬದಿಗೆ ಚಾಚಿರುತ್ತವೆ. ಇಲ್ಲಿ ಇರುವುದು ಇಳಿಜಾರಿನ ಕಲ್ಲುಕಟ್ಟಣೆ. ನಮ್ಮ ಹಿರಿಯರು ಕೆರೆ ಕಟ್ಟಿದ್ದು ಗದ್ದೆಗೆ, ಏರಿಯ ಕಡೆ ಆಳ, ನೀರು ಬರುವ ಕಡೆ ಮೊಣಕಾಲುದ್ದ. ಆಳ ಕಡಿಮೆಯಾದಂತೆ ದೋಣಿಯೆಬ್ಬಿಸಿದ ಅಲೆಯೇ ಅದನ್ನು ಹಿಡಿದೆಳೆಯುತ್ತದೆ, ತೂಬಿನ ಪಕ್ಕದ ಲೇನ್ ಸಿಕ್ಕವನಿಗೆ ಅರ್ಧ ಪದಕ ಆಗಲೇ ಬಂದಂತೆ. ಜೊತೆಗೆ ಅಂತರಗಂಗೆ. ದೋಣಿಯ ಹಿಂಬದಿ ಅಡಿಯಲ್ಲಿ ಅಂಗೈಯಷ್ಟು ರೆಕ್ಕೆ ಇರುತ್ತದೆ, ಒಂದು ಬೇರು ಅದಕ್ಕೆ ಸುತ್ತಿಕೊಂಡರೆ ಸಾಕು, ಎಷ್ಟು ಎಳೆದರೂ ದೋಣಿ ನಿಂತಲ್ಲೇ ಗೊಣಗುತ್ತದೆ.

ಅನುಮತಿ ಪತ್ರದ ಪ್ರವಾಸವನ್ನು ಬೇಗ ಮುಗಿಸೋಣ. ಕೆರೆಯ ಏರಿ ಒಬ್ಬರದು, ನೀರು ಇನ್ನೊಬ್ಬರದು, ಮೀನು ಹರಾಜು ಹಿಡಿದವರದು. ಮೂವರೂ ಸಹಿ ಹಾಕಲು ತಯಾರು, ಉಳಿದಿಬ್ಬರು ಮೊದಲು ಹಾಕಿದರೆ. ಅಷ್ಟರಲ್ಲಿ ಏಳು ವಾರ ಮುಗಿದಿರುತ್ತದೆ.

ಪಂದ್ಯದ ದಿನ ಸಂಘಟಕರೇ ದೋಣಿ ಕೊಡುತ್ತಾರೆ, ಚೀಟಿ ಎತ್ತಿ. ಅದು ಯಾರೋ ಆರಡಿ ಎತ್ತರದವರ ಅಳತೆಗೆ ಬಿಗಿದ ದೋಣಿ. ಕಾಲ್ಮಣೆ ಹತ್ತಿರ ತರಬೇಕು, ಗೇಟಿನ ಎತ್ತರ ಇಳಿಸಬೇಕು, ಸಿಗುವ ಸಮಯ ಅರ್ಧ ತಾಸು. ಸ್ಪ್ಯಾನರ್ ಕಾಲೇಜಿನ ಸ್ಟೋರಿನಲ್ಲಿದೆ, ಸ್ಟೋರ್ ಕೀಪರ್ ರಜೆಯಲ್ಲಿದ್ದಾರೆ. ಶೂಗಳ ಹಿಮ್ಮಡಿಗೆ ಒಂದು ದಾರ ಕಟ್ಟಿರುತ್ತದೆ. ದೋಣಿ ಮಗುಚಿದಾಗ ಕಾಲು ತಾನಾಗಿ ಶೂವಿನಿಂದ ಬಿಡಿಸಿಕೊಳ್ಳಲಿ ಎಂದು. ಅದನ್ನು ಹಳೇ ದಾರವೆಂದು ಕಿತ್ತರೆ ತೀರ್ಪುಗಾರರು ಹೊರಡಲು ಬಿಡುವುದಿಲ್ಲ. ಮೂತಿಯ ರಬ್ಬರ್ ಚೆಂಡು ಇಲ್ಲದಿದ್ದರೂ ಬಿಡುವುದಿಲ್ಲ. ಎಲ್ಲ ದಾಟಿ ನೀರಿಗೆ ಬಂದವರಿಗೆ ಕೊನೆಯ ಕ್ಷಣದ ಪಾಠ: ಏನಾದರೂ ಆಗಲಿ, ಹುಟ್ಟಿನ ಹಿಡಿ ಬಿಡಬೇಡಿ. ಇಷ್ಟು ಸಪೂರ ದೋಣಿ ನಿಲ್ಲುವುದು ಹುಟ್ಟುಗಳ ಆಸರೆಯಲ್ಲೇ. ದಡದಿಂದ ಪ್ರಾಂಶುಪಾಲರು ‘ಆಲ್ ದಿ ಬೆಸ್ಟ್’ ಎಂದರು. ಮುಂದೆ ಕೂತವನು ಮರ್ಯಾದೆಗೆ ಕೈ ಎತ್ತಿದ.

ಅವರನ್ನು ರಕ್ಷಣಾ ಬೋಟು ಎತ್ತಿಕೊಂಡು ಬಂತು. ಪ್ರಮಾಣಪತ್ರದಲ್ಲಿ ‘ಭಾಗವಹಿಸಿದ್ದಾರೆ’ ಎಂದಿದೆ, ಅದು ಸುಳ್ಳಲ್ಲ.

ಕಾಲೇಜಿನ ಸ್ವಂತ ದೋಣಿಗೂ ಕೊನೆಗೆ ಕೆಲಸ ಬಂತು. ವಾರ್ಷಿಕೋತ್ಸವದಲ್ಲಿ ಗುಹ ರಾಮನನ್ನು ಗಂಗೆ ದಾಟಿಸುವ ದೃಶ್ಯ. ಮೂವತ್ತಮೂರು ಅಡಿಯ ದೋಣಿಯ ಮೂತಿ ಈಚೆ ರೆಕ್ಕೆಯಲ್ಲಿ, ಬಾಲ ಮೇಕಪ್ ರೂಮಿನಲ್ಲಿ, ನಡುಭಾಗ ನೀಲಿ ಸೀರೆಯ ಅಲೆಗಳ ಮೇಲೆ. ಗುಹನ ಕೈಗೆ ಅಡುಗೆಮನೆಯಿಂದ ತಂದ ಹುಟ್ಟು. ರಾಮ ಭಕ್ತಿಯಿಂದ ಬಲಗಾಲು ಮುಂದಿಟ್ಟ, ಹಲಗೆಯ ಮೇಲಲ್ಲ, ಅದರ ಪಕ್ಕ. ಸಭಾಂಗಣದ ಹಿಂದಿನ ಸಾಲಿಗೂ ಚಟ್ಟೆಂದು ಕೇಳಿಸಿತು. ದಾಸ್ತಾನು ಪುಸ್ತಕದ ‘ಹಾನಿಗೆ ಕಾರಣ’ ಕಾಲಮ್ಮಿನಲ್ಲಿ ಈಗ ಗುಂಡಗಿನ ಅಕ್ಷರದಲ್ಲಿ ಬರೆದಿದೆ: ವನವಾಸ.