ಮಠದ ಭಕ್ತಿಯನ್ನು ಅಡುಗೆಮನೆಯಲ್ಲಿ ನೋಡಬೇಕು

ಧಾರವಾಡದ ನಮಗೆ ಕ್ಯಾಥೊಲಿಕ್ ಸನ್ಯಾಸಿಗಳೆಂದರೆ ಶಾಲೆ ನಡೆಸುವ ಫಾದರ್‌ಗಳು, ಆಸ್ಪತ್ರೆಯಲ್ಲಿ ಓಡಾಡುವ ಸಿಸ್ಟರ್‌ಗಳು. ಅವೆರಡನ್ನೂ ನಡೆಸದೆ, ಮಠದೊಳಗೇ ಪ್ರಾರ್ಥನೆ, ದುಡಿಮೆ ಎಂದು ಬಾಳುವವರೂ ಇದ್ದಾರೆ ಎಂದು ಮನೆಯಲ್ಲಿ ಹೇಳಿದರೆ ನಮ್ಮ ಕಾಕಾ ತಟ್ಟನೆ ಕೇಳಿದರು: “ಹಾಗಾದರೆ ಅವರಿಂದ ಊರಿಗೇನು ಬಂತು, ತಮ್ಮಾ?” ಕಾಕಾ ಒಬ್ಬರೇ ಅಲ್ಲ, ಬಹಳ ಜನ ಹೀಗೆ ಕೇಳುತ್ತಾರೆ. ಮಠವನ್ನು ಅಳೆಯಬೇಕಾದ ಅಳತೆ ಅದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆರನೆಯ ಶತಮಾನದಲ್ಲಿ ಇಟಲಿಯ ಮೊಂಟೆ ಕಸಿನೊ ಬೆಟ್ಟದ ಮೇಲೆ ಮಠ ಕಟ್ಟಿದ ಸಂತ ಬೆನೆಡಿಕ್ಟರು ತಮ್ಮವರಿಗಾಗಿ 73 ಅಧ್ಯಾಯಗಳ ನಿಯಮಾವಳಿಯೊಂದನ್ನು ಬರೆದರು. ಹಗಲು ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ. ವಾರ ಮುಗಿಯುವುದರೊಳಗೆ ಬೈಬಲಿನ 150 ಕೀರ್ತನೆಗಳೂ ಆಗಬೇಕು. ಇದು ಎಲ್ಲರೂ ಹೇಳುವ ವಿಷಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಡುಗೆಮನೆಗೆ ಮೀಸಲಾದ 35ನೆಯ ಅಧ್ಯಾಯ.

ಅಡುಗೆಯ ಪಾಳಿ ವಾರಕ್ಕೊಬ್ಬರಂತೆ ಬರುತ್ತದೆ. ಕಾಯಿಲೆಯವರನ್ನು, ದೊಡ್ಡ ಹೊಣೆ ಹೊತ್ತವರನ್ನು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಪಾಳಿ ಮುಗಿಸಿದವನು ಶನಿವಾರ ಎಲ್ಲವನ್ನೂ ಚೊಕ್ಕಟ ಮಾಡಬೇಕು. ಉಳಿದವರು ಕೈಕಾಲು ಒರೆಸಿಕೊಂಡ ವಸ್ತ್ರಗಳನ್ನೂ ಅವನೇ ಒಗೆಯಬೇಕು. ಆಮೇಲೆ ಅವನೂ, ಮುಂದಿನ ಪಾಳಿಯವನೂ ಸೇರಿ ಎಲ್ಲರ ಪಾದ ತೊಳೆಯಬೇಕು. ಪಾತ್ರೆಗಳು ಮುಕ್ಕಾಗದೆ ಉಗ್ರಾಣಿಯ ಕೈಸೇರಬೇಕು. ಆ ಉಗ್ರಾಣಿಗೂ ಒಂದು ಕಟ್ಟಪ್ಪಣೆಯಿದೆ: ಮಠದ ಪಾತ್ರೆ ಪಡಗಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳೆಂದೇ ಕಾಣಬೇಕು. ಕೇಳಿದವರಿಗೆ ಕೊಡಲು ಏನೂ ಇಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಡಬೇಕು. ಎಂಥ ಅಂತಃಕರಣ!

ನಮ್ಮ ಅಪ್ಪ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಎಪ್ಪತ್ತು ದಾಟಿದರೂ ಉಂಡ ತಟ್ಟೆಯನ್ನು ತಾವೇ ತೊಳೆದಿಡುತ್ತಾರೆ. ಸೊಸೆಯಂದಿರು ಕೈಯಿಂದ ಕಸಿದುಕೊಳ್ಳಲು ಬಂದರೂ ಬಿಡುವುದಿಲ್ಲ. ಬೆನೆಡಿಕ್ಟರ ಹೆಸರನ್ನೂ ಕೇಳದ ಅವರಿಗೆ ನಾನು ಈ ಅಧ್ಯಾಯವನ್ನು ಓದಿ ಹೇಳಿದಾಗ, “ಹೌದಲ್ಲ, ಮತ್ತೆ ಹೇಗಿರಬೇಕು?” ಎಂದರು.

ಈ ಸನ್ಯಾಸಿಗಳು ಸೇರಿದ ಮಠದಲ್ಲೇ ಕಡೆಯವರೆಗೂ ಇರುತ್ತೇವೆಂದು ವ್ರತ ತೊಡುತ್ತಾರೆ. ಬ್ರಹ್ಮಚರ್ಯಕ್ಕಿಂತ ಕಠಿಣವಾದ ವ್ರತ ಇದೇ ಎಂದು ನನಗನ್ನಿಸುತ್ತದೆ. ರಾಗ ತಪ್ಪಿ ಹಾಡುವವನು, ಸಣ್ಣದಕ್ಕೂ ಮುಖ ಗಂಟಿಕ್ಕುವವನು, ಮುಪ್ಪಿನಲ್ಲಿ ಹೇಳಿದ್ದನ್ನೇ ಹೇಳುವವನು, ಇವರೊಡನೆಯೇ ಬಾಳು ಸವೆಯಬೇಕು. ಒಬ್ಬರ ದೇಹದ, ಸ್ವಭಾವದ ಕೊರತೆಗಳನ್ನು ಇನ್ನೊಬ್ಬರು ತಾಳ್ಮೆಯಿಂದ ಸಹಿಸಬೇಕೆಂದು 72ನೆಯ ಅಧ್ಯಾಯ ಹೇಳುತ್ತದೆ. ಕೀರ್ತನೆ ಹಾಡಿ ಬಂದವನು ಊಟದ ಹೊತ್ತಿಗೆ ಪಕ್ಕದವನ ಮೇಲೆ ಸಿಡುಕಿದರೆ ಆ ಕೀರ್ತನೆ ಎಲ್ಲಿಗೆ ಮುಟ್ಟೀತು?

ಇದನ್ನೆಲ್ಲ ಕಾಣಲು ಯುರೋಪಿಗೆ ಹೋಗಬೇಕಿಲ್ಲ. ಬೆಂಗಳೂರಿನ ಹೊರವಲಯದ ಕುಂಬಳಗೋಡಿನಲ್ಲಿ ಬೆನೆಡಿಕ್ಟರ ನಿಯಮದಂತೆ ನಡೆಯುವ ಮಠವಿದೆ. ಕೇರಳದ ವಾಗಮಣ್‌ನ ಕುರಿಶುಮಲ ಆಶ್ರಮ 1958ರಲ್ಲಿ ಶುರುವಾದದ್ದು. ಅಲ್ಲಿನ ಸನ್ಯಾಸಿಗಳು ಹಸು ಸಾಕಿ ಹೈನುಗಾರಿಕೆಯಿಂದ ಬದುಕಿದವರು.

ಕಾಕಾ ಕೇಳಿದ ಊರಿನ ಲೆಕ್ಕಕ್ಕೇ ಬರೋಣ. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂದು 53ನೆಯ ಅಧ್ಯಾಯ ವಿಧಿಸುತ್ತದೆ. ಅದರಲ್ಲೂ ಬಡವರಿಗೆ, ಯಾತ್ರಿಕರಿಗೆ ಹೆಚ್ಚಿನ ಅಕ್ಕರೆ ಸಲ್ಲಬೇಕು. ಸಿರಿವಂತರಿಗಾದರೋ ಅವರ ಮೇಲಿನ ಭಯವೇ ಮರ್ಯಾದೆ ತಂದುಕೊಡುತ್ತದೆಯಂತೆ. ಜಾತ್ರೆಯ ದಾಸೋಹದಲ್ಲಾಗಲಿ ಚರ್ಚಿನ ಹಬ್ಬದೂಟದಲ್ಲಾಗಲಿ ಗಣ್ಯರಿಗೆಂದು ಬೇರೆ ಪಂಕ್ತಿ ಹಾಕಿಸುವವರು ಇದನ್ನೊಮ್ಮೆ ಓದಬೇಕು.